ಅಮರಾಪುರದ ದಾರಿಯಲ್ಲಿ

ಮಡಕಶಿರಾದಿಂದ ಅಮರಾಪುರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತ ಹೊಸಬರಿಗೆ ತಾವು ಯಾವ ರಾಜ್ಯದಲ್ಲಿದ್ದೇವೆಂಬುದು ಬೇಗನೆ ತಿಳಿಯುವುದಿಲ್ಲ. ಅಂಗಡಿಯ ಫಲಕ ತೆಲುಗಿನಲ್ಲಿರುತ್ತದೆ. ಅಂಗಡಿಯವನು ಗಿರಾಕಿಯೊಡನೆ ಚೌಕಾಸಿ ಮಾಡುವುದು ಕನ್ನಡದಲ್ಲಿ. ಒಂದು ಮಗ್ಗುಲಿಗೆ ಶಿರಾ, ಇನ್ನೊಂದು ಮಗ್ಗುಲಿಗೆ ಹಿರಿಯೂರು, ಬೆನ್ನಿಗೆ ಪಾವಗಡ. ನಮ್ಮ ಸೀಮೆಯ ಹೆಣ್ಣುಗಳು ಅತ್ತ ಹೋಗುತ್ತವೆ, ಅತ್ತಲಿನ ಹೆಣ್ಣುಗಳು ಇತ್ತ ಬರುತ್ತವೆ. ಗಡಿಯೆಂಬುದು ಸರ್ಕಾರದ ನಕ್ಷೆಯಲ್ಲಿದೆಯೇ ಹೊರತು ಬೀಗರ ಮನಸ್ಸಿನಲ್ಲಿಲ್ಲ.

ಈ ಸೀಮೆಯನ್ನು ಪಾಲು ಮಾಡಿದವರು ಬಹಳ ಮಂದಿ. ಮೊದಲು ನಾವು ಬಳ್ಳಾರಿ ಜಿಲ್ಲೆಗೆ ಸೇರಿದ್ದವರು. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾದಾಗ ಮಡಕಶಿರಾ ತಾಲ್ಲೂಕು ಅದರ ಪಾಲಿಗೆ ಬಂದಿತು. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು. ಅದರ ರಾಯದುರ್ಗವನ್ನು ಕತ್ತರಿಸಿ ಅನಂತಪುರಕ್ಕೆ ಜೋಡಿಸಿದರು. 2022ರ ಏಪ್ರಿಲಿನಲ್ಲಿ ಮತ್ತೊಂದು ಪಾಲಾಗಿ ಅಮರಾಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ರಾಯದುರ್ಗ ಮಾತ್ರ ಹಳೆಯ ಮನೆಯಲ್ಲಿಯೇ ಉಳಿಯಿತು. ಪಾಲುಪಟ್ಟಿಯ ವಿಚಾರವನ್ನು ಮೊದಲಿಗೇ ಎತ್ತಲು ಕಾರಣವುಂಟು. ನಾವು ಹೇಳಹೊರಟಿರುವುದೂ ಒಂದು ಪಾಲಿನ ಕಥೆಯೇ.

2019ರ ಏಪ್ರಿಲ್ ತಿಂಗಳು. ಚುನಾವಣೆಯ ಕರ್ತವ್ಯ ಮುಗಿಸಿ, ಮೈಕೈ ನೋವಿನಿಂದ ಮನೆಗೆ ಬಂದು ಮಲಗಿದ್ದೆವು. ಮರುದಿನ ಸಭಾಪಾಲಕರು ಹೇಳಿಕಳುಹಿಸಿದರು. ನಮ್ಮದು ಹಳ್ಳಿಯ ಸಣ್ಣ ಸಭೆ. ಪಾಲಕರು ಐದಾರು ಊರುಗಳನ್ನು ಒಬ್ಬರೇ ನೋಡಿಕೊಳ್ಳಬೇಕು. ಆದುದರಿಂದ ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ಕರ್ತನು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಏಳು ಮಂದಿಗೆ ಹಂಚಿಬಿಡುವುದು ವಾಡಿಕೆ. ಆ ವರ್ಷ ನಮ್ಮ ಪಾಲಿಗೆ ಬಂದದ್ದು ಮೊದಲನೆಯ ಮಾತು. ತನ್ನನ್ನು ಕೊಲ್ಲುತ್ತಿರುವವರನ್ನು ಕ್ಷಮಿಸೆಂದು ತಂದೆಯನ್ನು ಬೇಡಿಕೊಂಡ ಮಾತು. ಮೇಷ್ಟ್ರಲ್ಲವೇ, ಚೆನ್ನಾಗಿ ಹೇಳುತ್ತಾರೆ ಎಂದು ಪಾಲಕರು ಭಾವಿಸಿರಬೇಕು. ಅವರು ಪರಊರಿನವರು. ನಮ್ಮ ಮನೆಯ ಸಂಗತಿ ಅವರಿಗೆ ಪೂರ್ತಿ ತಿಳಿದಿರಲಿಲ್ಲ.

ಸಂಗತಿ ಇಷ್ಟು. ತಂದೆಯವರು ತೀರಿಕೊಂಡ ಮೇಲೆ ಹೊಲ ಎರಡು ಪಾಲಾಗಿ, ನಡುವೆ ಬದು ಬಿದ್ದು, ಅತ್ತ ನಮ್ಮ ಅಣ್ಣ, ಇತ್ತ ನಾವು. ನಮ್ಮ ಪಾಲಿನಲ್ಲಿ ನಾನೂರು ಅಡಕೆಮರ. ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯಲ್ಲಿ ಅಡಕೆ ಇಡುವುದೇ ಒಂದು ಬಗೆಯ ಹುಂಬತನವೆಂದು ಬಲ್ಲವರು ಹೇಳಬಹುದು. ಆದರೆ ಈ ಭಾಗದಲ್ಲಿ ಅದು ಅಜ್ಜ ಮುತ್ತಜ್ಜಂದಿರ ಆಸೆ; ಬಿಡಲಾಗದು. 2015ರ ಬೇಸಗೆಯಲ್ಲಿ ಅಣ್ಣ ಬದುವಿಗೆ ಹತ್ತು ಮಾರು ದೂರದಲ್ಲಿ ಹೊಸ ಕೊಳವೆಬಾವಿ ಕೊರೆಸಿದ. ಎರಡಿಂಚು ನೀರು ಬಿದ್ದಿತೆಂದು ಊರಿಗೆಲ್ಲ ಸಕ್ಕರೆ ಹಂಚಿದರು. ಮೂರು ವಾರಗಳಲ್ಲಿ ನಮ್ಮ ಬಾವಿಯ ಪೈಪಿನಿಂದ ಗಾಳಿ ಬಂದಿತು. ನಾವು ಅರ್ಜಿ ಬರೆದೆವು. ಅಳತೆಗೆ ಜನ ಬಂದರು, ಹೋದರು. ಮುಂದಿನ ಎರಡು ವರ್ಷಗಳಲ್ಲಿ ಮರಗಳು ಒಂದೊಂದಾಗಿ ತಲೆ ಉದುರಿಸಿಕೊಂಡವು. ಸತ್ತ ಅಡಕೆಯ ಬೊಡ್ಡೆಯನ್ನು ಯಾರೂ ಹಾಗೆಯೇ ನಿಲ್ಲಿಸಿಕೊಳ್ಳುವುದಿಲ್ಲ, ಕಡಿದು ದಬ್ಬೆ ಸೀಳುತ್ತಾರೆ. ನಾವು ಕಡಿಸಲಿಲ್ಲ. ಅಣ್ಣ ದಿನಾ ಹೊಲಕ್ಕೆ ಹೋಗುವಾಗ ನೋಡಲಿ, ಎಂಬುದು ನಮ್ಮ ಉದ್ದೇಶವಾಗಿತ್ತು.

ಮಾತು ನಿಂತು ನಾಲ್ಕು ವರ್ಷ. ಎದುರಾದರೆ ಅಣ್ಣ “ನಮಸ್ಕಾರ ಮೇಷ್ಟ್ರೇ” ಎನ್ನುತ್ತಿದ್ದ. ಹುಟ್ಟಿದಂದಿನಿಂದ “ಏನೋ” ಎಂದು ಕರೆದ ಬಾಯಿಯಿಂದ ಬಂದ ಆ ಮರ್ಯಾದೆ ಬೈಗುಳಕ್ಕಿಂತ ಕೆಟ್ಟದಾಗಿ ನಾಟುತ್ತಿತ್ತು. ಇಷ್ಟಾದರೂ ಭಾನುವಾರ ತಪ್ಪದೆ ಇಬ್ಬರೂ ಒಂದೇ ದೇವಾಲಯದಲ್ಲಿ, ಒಂದೇ ಹೊತ್ತಿನಲ್ಲಿ, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳುತ್ತಿದ್ದೆವು. ದಿನದ ರೊಟ್ಟಿಯನ್ನು ಬೇಡಿದ ಮರುಕ್ಷಣವೇ ಆ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬರುತ್ತದೆ. ನಾವು ಇತರರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸೆಂಬ ಅಪಾಯದ ಮಾತು. ಮಗ್ಗಿ ಒಪ್ಪಿಸುವ ಹುಡುಗರಂತೆ ಇಬ್ಬರೂ ಅದನ್ನು ದಾಟಿ ಓಡುತ್ತಿದ್ದೆವು. ಮಳೆಗಾಗಿ ವಿಶೇಷ ಪ್ರಾರ್ಥನೆಯೂ ನಡೆಯುತ್ತಿತ್ತು. ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ, ಮೋಡವು ನಮ್ಮ ಬದುವಿನ ತನಕ ಬಂದು ನಿಂತರೆ ಸಾಕೆಂದು ಒಮ್ಮೆ ನಮ್ಮ ಮನಸ್ಸಿಗೆ ಬಂದದ್ದುಂಟು. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವವನ ಮುಂದೆ ಇಂಥ ಅರ್ಜಿ ನಿಲ್ಲುವುದಿಲ್ಲ.

ಹೀಗಿರುವಾಗ ಮೊದಲನೆಯ ಮಾತನ್ನು ಕುರಿತು ಏನು ಹೇಳುವುದು? ಮನೆಯಲ್ಲಿ ಕುಳಿತರೆ ತಲೆ ಓಡಲಿಲ್ಲ. ಗರಿಗಳ ಭಾನುವಾರದ ಹಿಂದಿನ ಶನಿವಾರ ಬೆಳಿಗ್ಗೆ, ಹಾಳೆ ಪೆನ್ನುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು. ಅಮರಾಪುರದಲ್ಲಿಳಿದು, ಅಲ್ಲಿಂದ ಹೇಮಾವತಿಗೆ ಹೋಗಿ, ನೆರಳಿನಲ್ಲಿ ಕುಳಿತು ಬರೆಯಬೇಕೆಂಬುದು ಯೋಚನೆ. ಶ್ರೀರಾಮನವಮಿಯ ದಿನಗಳಾದ್ದರಿಂದ ದಾರಿಯಲ್ಲಿ ಎರಡು ಕಡೆ ಪಾನಕ ಸಿಕ್ಕಿತು.

ಅಮರಾಪುರದ ಹೆಸರು ಕೇಳಿದರೆ ನಮ್ಮವರಿಗೆ ಸಂತೆ ನೆನಪಾಗುತ್ತದೆ. ವಿದ್ವಾಂಸರಿಗೆ ಜೈನಶಾಸನಗಳು ನೆನಪಾಗುತ್ತವೆ. ಶಾಸನ ಓದುವ ಪಾಂಡಿತ್ಯ ನಮಗಿಲ್ಲ. ಬಲ್ಲವರು ಓದಿ ಅಚ್ಚು ಹಾಕಿಸಿದ್ದನ್ನು ಓದಿಕೊಂಡಿದ್ದೇವೆ. ಹದಿಮೂರನೆಯ ಶತಮಾನದಲ್ಲಿ ಈ ನಾಡು ನಿಡುಗಲ್ಲಿನ ಚೋಳರ ವಶದಲ್ಲಿತ್ತು. 1278ರ ಒಂದು ಶಾಸನದಲ್ಲಿ, ಇರುಂಗೋಳನ ಆಳ್ವಿಕೆಯಲ್ಲಿ, ಬಾಲೇಂದು ಮಲಧಾರಿದೇವರ ಶಿಷ್ಯನಾದ ಮಲ್ಲಿಸೆಟ್ಟಿ ಎಂಬವನು ತೈಲಂಗೆರೆಯ ಬ್ರಹ್ಮಜಿನಾಲಯಕ್ಕೆ ತಮ್ಮಡಿಹಳ್ಳಿಯ ಎರಡು ಸಾವಿರ ಅಡಕೆಮರಗಳನ್ನು ದತ್ತಿಯಾಗಿ ಬಿಟ್ಟ ಸಂಗತಿಯಿದೆ. ಹಿಂದೆ ಶಾಲೆಯ ಮಕ್ಕಳಿಗೆ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆವು. ನಮ್ಮೂರ ಅಡಕೆಗೆ ಏಳುನೂರು ವರ್ಷಕ್ಕೂ ಮೀರಿದ ದಾಖಲೆಯಿದೆ ಎಂದು. ಅಂದು ಮಾತ್ರ ಆ ಎರಡು ಸಾವಿರದ ಲೆಕ್ಕ ಬೇರೆಯಾಗಿ ಕಂಡಿತು. ಆತ ಎರಡು ಸಾವಿರ ಬದುಕಿದ ಮರಗಳನ್ನು ಕೊಟ್ಟುಬಿಟ್ಟ. ನಾವು ನಾನೂರು ಸತ್ತ ಮರಗಳನ್ನು ಬಿಡಲಾರದೆ ಕಾದುಕೊಂಡಿದ್ದೇವೆ.

ಇದೇ ಊರಿನಲ್ಲಿ ಭಾವಸೇನ ತ್ರೈವಿದ್ಯರೆಂಬ ಮುನಿಗಳ ನಿಷಿಧಿ ಶಾಸನ ದೊರೆತಿದೆ. ವಿಶ್ವತತ್ತ್ವಪ್ರಕಾಶವೆಂಬ ತರ್ಕಗ್ರಂಥವನ್ನು ಬರೆದ ದೊಡ್ಡ ಪಂಡಿತರು. ಪ್ರತಿವಾದಿಗಳೆಂಬ ಬೆಟ್ಟಗಳಿಗೆ ವಜ್ರಾಯುಧವೆಂಬ ಅರ್ಥದ ಬಿರುದು ಅವರಿಗಿತ್ತು. ವಾದದಲ್ಲಿ ಸೋಲದವರ ಗುರುತು ಕೊನೆಗೆ ಒಂದು ಕಲ್ಲು. ಜೈನರಲ್ಲಿ ವ್ರತ ಹಿಡಿದು ದೇಹ ಬಿಡುವ ಸಲ್ಲೇಖನದ ಕ್ರಮವನ್ನು ಸಮಂತಭದ್ರರ ರತ್ನಕರಂಡಕದಲ್ಲಿ ಹೇಳಿದೆ. ಉಪವಾಸಕ್ಕೆ ಮುಂಚೆ ಒಂದು ಕೆಲಸ ಮುಗಿಯಬೇಕು: ಪ್ರೀತಿ ವೈರಗಳನ್ನು ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ತಾನು ಕ್ಷಮಿಸಬೇಕು, ಅವರಿಂದ ತಾನೂ ಕ್ಷಮೆ ಬೇಡಬೇಕು. ನಾವು ಕ್ರೈಸ್ತರು, ಆ ವ್ರತ ನಮ್ಮದಲ್ಲ. ಆದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗಿ, ಆಮೇಲೆ ಬಂದು ಅರ್ಪಿಸೆಂದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಹೇಳಿರುವನಷ್ಟೆ. ಅಲ್ಲಿಯೂ ಕ್ರಮ ಅದೇ. ಇದು ಮೊದಲು, ಅದು ಆಮೇಲೆ.

ಹೇಮಾವತಿ ತಲಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಿಂದೆ ಹೆಂಜೇರು ಎನಿಸಿಕೊಂಡು ನೊಳಂಬ ಪಲ್ಲವರ ರಾಜಧಾನಿಯಾಗಿದ್ದ ಊರು. ಸಿದ್ಧೇಶ್ವರ ಲಿಂಗರೂಪದಲ್ಲಿಲ್ಲದೆ ಮನುಷ್ಯರೂಪದಲ್ಲಿಯೇ ಕುಳಿತಿರುವುದು ಈ ಸ್ಥಳದ ವಿಶೇಷ. ಪಕ್ಕದ ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳ ಕೆತ್ತನೆಯನ್ನೂ, ಕಪ್ಪುಕಲ್ಲಿನ ಮಿರುಗುವ ನಂದಿಯನ್ನೂ ನೋಡಲು ದೂರದಿಂದ ಜನ ಬರುತ್ತಾರೆ. ನೊಳಂಬರ ಕಂಬಗಳು ಚೋಳರ ಕಾಲದಲ್ಲಿ ಕಾವೇರಿ ತೀರದ ತಿರುವೈಯಾರಿನವರೆಗೂ ಹೋಗಿ ಅಲ್ಲಿನ ಗುಡಿಯಲ್ಲಿ ನಿಂತಿವೆ. ಮನೆ ಮುರಿದರೆ ಕಂಬಗಳು ಎಲ್ಲಿಗಾದರೂ ಹೋಗುತ್ತವೆ.

ಆ ಮನೆಯನ್ನು ಮುರಿದವರಲ್ಲಿ ಮುಖ್ಯನು ಗಂಗರ ಮಾರಸಿಂಹ. ನೊಳಂಬಕುಲಾಂತಕ, ಎಂದರೆ ನೊಳಂಬರ ಕುಲಕ್ಕೇ ಯಮ, ಎಂಬುದನ್ನು ಬಿರುದಾಗಿ ಧರಿಸಿದವನು. ಅದೇ ಮಾರಸಿಂಹನು ಸುಮಾರು 974ರಲ್ಲಿ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಹೇಳುತ್ತದೆ. ಕ್ಷಮೆ ಬೇಡುವ ಕ್ರಮವನ್ನು ಆತನೂ ನಡೆಸಿರಬೇಕು. ಆತ ಬೇಡಬೇಕಾಗಿದ್ದವರ ಪಟ್ಟಿ ಎಷ್ಟು ಉದ್ದವಿತ್ತೋ! ಆ ಹೊತ್ತಿಗೆ ಅವರಲ್ಲಿ ಬಹುಮಂದಿ ಬದುಕಿಯೇ ಇರಲಿಲ್ಲ. ದೊಡ್ಡೇಶ್ವರನ ಗೋಡೆಯ ನೆರಳಿನಲ್ಲಿ ಕುಳಿತು ಹಾಳೆ ತೆಗೆದೆವು. ಈ ಒಂದು ಯೋಚನೆ ಕೈಯನ್ನು ಹಿಡಿದುಬಿಟ್ಟಿತು. ಏಕೆಂದರೆ ಆ ವರ್ಷದ ಜನವರಿಯಲ್ಲಿ ನಮಗೊಂದು ಹೆದರಿಕೆಯಾಗಿತ್ತು.

ಅಣ್ಣನಿಗೆ ಎದೆನೋವು ಬಂದು ಬತ್ತಲಪಲ್ಲಿಯ ಆಸ್ಪತ್ರೆಗೆ ಸೇರಿಸಿದ್ದರು. ವಿಸೆಂಟ್ ಫೆರರ್ ಅವರ ಸಂಸ್ಥೆ ಕಟ್ಟಿಸಿದ ಆಸ್ಪತ್ರೆ ಅದು. ಅವರ ಕಥೆ ಈ ಜಿಲ್ಲೆಯ ಬಡವರಿಗೆಲ್ಲ ಗೊತ್ತು. ಸ್ಪೇನ್ ದೇಶದಿಂದ 1952ರಲ್ಲಿ ಜೆಸ್ವಿತ್ ಸಂನ್ಯಾಸಿಯಾಗಿ ಬಂದು, ಮಹಾರಾಷ್ಟ್ರದ ಮನಮಾಡಿನಲ್ಲಿ ರೈತರಿಗೆ ಬಾವಿ ತೋಡಿಸುತ್ತಿದ್ದವರು. 1968ರಲ್ಲಿ ದೇಶ ಬಿಟ್ಟು ಹೋಗುವಂತೆ ಆಜ್ಞೆಯಾಯಿತು. ಮರುವರ್ಷ ಹಿಂದಿರುಗಿದಾಗ ಅನಂತಪುರದಂಥ ಬರದ ನಾಡನ್ನೇ ಆರಿಸಿಕೊಂಡರು. ಮುಂದೆ ಸಂನ್ಯಾಸವನ್ನು ಬಿಟ್ಟರು, ಸೇವೆಯನ್ನು ಬಿಡಲಿಲ್ಲ. ಅವರಿಗೆ ಮೊದಲು ಸಿಕ್ಕ ಖಾಲಿ ಮನೆಯ ಗೋಡೆಯ ಮೇಲೆ, ಪವಾಡಕ್ಕಾಗಿ ಕಾದಿರು ಎಂಬ ಅರ್ಥದ ಒಂದು ಬರಹವಿತ್ತಂತೆ. ಕಾಯುತ್ತ ಕುಳಿತವರಲ್ಲ ಅವರು. ದೈವದ ಮೇಲೆ ಭಾರ ಹಾಕಿ, ಗುದ್ದಲಿಯನ್ನೂ ಕೈಗೆತ್ತಿಕೊಂಡವರು. 2009ರಲ್ಲಿ ತೀರಿಕೊಂಡರು, ಸಮಾಧಿ ಬತ್ತಲಪಲ್ಲಿಯಲ್ಲಿಯೇ ಇದೆ.

ಅಣ್ಣನನ್ನು ನೋಡಲೆಂದು ನಾವು ಬತ್ತಲಪಲ್ಲಿಯ ತನಕ ಹೋದದ್ದು ನಿಜ. ಆಸ್ಪತ್ರೆಯ ಬಾಗಿಲಲ್ಲಿ ನಮ್ಮದೇ ಮಾತೊಂದು ಅಡ್ಡ ನಿಂತಿತು. 2015ರಲ್ಲಿ, ಅರಳಿಕಟ್ಟೆಯ ಮೇಲೆ, ಹತ್ತಾರು ಜನರ ಮುಂದೆ, “ನಿನ್ನ ಹೆಣ ನೋಡುವುದಕ್ಕೂ ನಾವು ಬರುವುದಿಲ್ಲ” ಎಂದಿದ್ದೆವು. ಈಗ ಯಾವ ಮುಖ ಹೊತ್ತು ಒಳಗೆ ಹೋಗುವುದು? ಹೆಣ ನೋಡಲು ಬಂದೆಯಾ ಎಂದು ಕೇಳಿಬಿಟ್ಟರೆ? ಸ್ವಲ್ಪ ಹೊತ್ತು ನಿಂತಿದ್ದು, ಧರ್ಮಾವರದ ಬಸ್ಸು ಹತ್ತಿ ಹಿಂದಿರುಗಿದೆವು. ಹೋಗಿದ್ದೆವೆಂದು ಮನೆಯಲ್ಲಿಯೂ ಹೇಳಲಿಲ್ಲ. ಅಣ್ಣ ಬದುಕಿ ಮನೆಗೆ ಬಂದ. ಬಾರದೆ ಇದ್ದಿದ್ದರೆ ನಮ್ಮ ಪಟ್ಟಿಯೂ ಮಾರಸಿಂಹನ ಪಟ್ಟಿಯಂತಾಗುತ್ತಿತ್ತು.

ಹೇಮಾವತಿಯ ನೆರಳಿನಲ್ಲಿ ಬರೆಯಲು ಮೊದಲು ಮಾಡಿದ್ದು ಗ್ಲಾಡಿಸ್ ಸ್ಟೇನ್ಸ್ ಎಂಬ ತಾಯಿಯನ್ನು ಕುರಿತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಕೆಯ ಪತಿ ಗ್ರಹಾಂ ಸ್ಟೇನ್ಸ್ ಅವರನ್ನೂ, ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲಿ ಮಲಗಿದ್ದಾಗ ಸುಟ್ಟುಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆಂದು ಆಕೆ ಹೇಳಿದರು. ನ್ಯಾಯಾಲಯದ ಕೆಲಸಕ್ಕೆ ಅಡ್ಡ ಬರಲಿಲ್ಲ. ಅದು ಬೇರೆ, ಇದು ಬೇರೆ. ಬಾರಿಪದದಲ್ಲಿಯೇ ಉಳಿದು ಕುಷ್ಠರೋಗಿಗಳ ಆರೈಕೆ ಮುಂದುವರಿಸಿ, 2004ರಲ್ಲಷ್ಟೇ ಸ್ವದೇಶಕ್ಕೆ ಹೋದರು. ಇಷ್ಟು ಬರೆದು ಓದಿ ನೋಡಿದೆವು. ಬರಹ ಚೆನ್ನಾಗಿಯೇ ಇತ್ತು, ಅಕ್ಷರವೂ ದುಂಡಗಿತ್ತು. ಮೂರು ಜೀವ ಕಳೆದುಕೊಂಡ ತಾಯಿಯ ಮಾತನ್ನು, ಒಂದು ಕೊಳವೆಬಾವಿಯ ಮುನಿಸು ಬಿಡಲಾರದವನು ನಿಂತು ಹೇಳುವುದೆಂತು? ಮುಂದಿನ ಸಾಲಿನಲ್ಲಿ ಅಣ್ಣ ಕುಳಿತಿರುತ್ತಾನೆ. ಹಾಳೆಯನ್ನು ಮಡಿಸಿಟ್ಟೆವು.

ಸತ್ಯವೇದವನ್ನು ತೆಗೆದೆವು. ಕನ್ನಡದ ಸತ್ಯವೇದ ಮೊದಲು ರೂಪುಗೊಂಡದ್ದು ನಮ್ಮ ಹಳೆಯ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತು, ವಿಲಿಯಂ ರೀವ್ ಮೊದಲಾದವರೊಡನೆ ದುಡಿದು, 1830ರ ದಶಕದ ಆರಂಭದ ವೇಳೆಗೆ ಪೂರ್ತಿ ಗ್ರಂಥವನ್ನು ಹೊರತಂದರು. ನಮ್ಮ ಕೈಯಲ್ಲಿರುವುದು ಎಷ್ಟೋ ಸಲ ತಿದ್ದುಪಡಿಯಾದ ನಂತರದ ಪ್ರತಿ, ತಂದೆಯವರದು. ಪಾಲಿನಲ್ಲಿ ನಮಗೆ ಬಂದದ್ದು. ಅದರಲ್ಲಿ ಯೋಸೇಫನ ವೃತ್ತಾಂತದ ಹಾಳೆಗಳು ಮಾಸಿಹೋಗಿವೆ. ಬರ ಬಂದಾಗಲೆಲ್ಲ ತಂದೆಯವರು ಅದನ್ನೇ ಓದಿಸುತ್ತಿದ್ದರು. ಅಣ್ಣಂದಿರು ಯೋಸೇಫನನ್ನು ನೀರಿಲ್ಲದ ಬಾವಿಗೆ ತಳ್ಳಿ, ಆಮೇಲೆ ಮಾರಿದರು. ಮುಂದೆ ಬರಗಾಲವೇ ಅವರನ್ನು ಅವನ ಬಾಗಿಲಿಗೆ ತಂದಿತು.

ಭಾನುವಾರದ ಶಾಲೆಯಲ್ಲಿ ಮೂವತ್ತು ವರ್ಷ ಈ ಕಥೆಯನ್ನು ಕಲಿಸಿದ್ದೇವೆ. ಕಲಿಸುವಾಗಲೆಲ್ಲ ನಾವೇ ಯೋಸೇಫ. ಅನ್ಯಾಯಕ್ಕೊಳಗಾದವರು ನಾವು, ನೀರಿಲ್ಲದ ಬಾವಿಯೂ ನಮ್ಮದೇ. ಅಣ್ಣ ಬಂದು ಅಡ್ಡ ಬಿದ್ದರೆ, ಕಣ್ಣೀರು ಸುರಿಸಿ ಕ್ಷಮಿಸಿಬಿಡಲು ನಾಲ್ಕು ವರ್ಷದಿಂದ ಸಿದ್ಧರಾಗಿಯೇ ಇದ್ದೆವು. ಅದನ್ನೇ ನಮ್ಮ ಒಳ್ಳೆಯತನವೆಂದು ತಿಳಿದಿದ್ದೆವು. ಅಂದು ಓದುವಾಗ ಕೊನೆಯ ಅಧ್ಯಾಯಕ್ಕೆ ಬಂದು ನಿಂತೆವು. ತಂದೆ ಸತ್ತ ಮೇಲೆ ಆ ಅಣ್ಣಂದಿರಿಗೆ ಮತ್ತೆ ಹೆದರಿಕೆ. ತಾವು ಮಾಡಿದ್ದನ್ನು ನೆನೆದು, ತಾವೇ ಹೇಳಿಕಳುಹಿಸಿ, ಬಂದು ಕ್ಷಮೆ ಬೇಡುತ್ತಾರೆ. ಆ ಗುಂಪಿನಲ್ಲಿ ಅರಳಿಕಟ್ಟೆಯ ಮೇಲೆ ಕೂಗಿದವನೊಬ್ಬನು ನಿಂತಿದ್ದಂತೆ ಕಂಡಿತು. ಅಣ್ಣ ತನ್ನ ಹೊಲದಲ್ಲಿ ಬಾವಿ ತೋಡಿಸಿದ. ಅದು ಸರಿಯೋ ತಪ್ಪೋ ಅಳತೆಯವರೇ ಹೇಳಲಾರದೆ ಹೋದರು. ನಮ್ಮ ಮಾತಿಗೆ ಮಾತ್ರ ಯಾವ ಅಳತೆಯೂ ಬೇಕಾಗಿರಲಿಲ್ಲ.

ಹೊತ್ತು ಇಳಿಯುವಾಗ ಊರಿಗೆ ಬಂದೆವು. ಮನೆಗೆ ಹೋಗಲಿಲ್ಲ, ಹೋದರೆ ಕಾಲು ಹಿಂದಾಗುತ್ತದೆಂಬ ಭಯ. ನೇರವಾಗಿ ಅಣ್ಣನ ತೋಟಕ್ಕೆ ನಡೆದೆವು. ಅಣ್ಣ ಪಂಪಿನ ಮನೆಯ ಮುಂದೆ ಹೊರಸಿನ ಮೇಲೆ ಕುಳಿತಿದ್ದ. ಇಳಿದುಹೋಗಿದ್ದ. ಅತ್ತಿಗೆ ನಮ್ಮನ್ನು ನೋಡಿ, ಸೆರಗು ಸರಿಪಡಿಸಿಕೊಂಡು, ಏನೂ ತೋಚದೆ ಒಳಗೆ ಹೋದರು.

ದಾರಿಯಲ್ಲಿ ಒಂದು ಭಾಷಣವನ್ನೇ ಕಟ್ಟಿಕೊಂಡಿದ್ದೆವು. ಒಂದು ಮಾತೂ ನೆನಪಿಗೆ ಬರಲಿಲ್ಲ. “ಅಣ್ಣಾ, ಅರಳಿಕಟ್ಟೆಯಲ್ಲಿ ಆಡಬಾರದ ಮಾತು ಆಡಿದೆವು. ಬತ್ತಲಪಲ್ಲಿಗೆ ಬಂದು, ಬಾಗಿಲಿನಿಂದಲೇ ತಿರುಗಿ ಹೋದೆವು” ಎಂದಷ್ಟೇ ಹೇಳಿದೆವು.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಪೈಪಿನ ಬಾಯಿಯ ಕಡೆ ಕೈ ತೋರಿಸಿದ. ಬೆರಳು ಗಾತ್ರದ ನೀರು, ಅದೂ ತಡೆತಡೆದು ಬೀಳುತ್ತಿತ್ತು. ಹಿಂದಿನ ಮಳೆಗಾಲ ಕೈಕೊಟ್ಟ ಮೇಲೆ ಅವನ ಬಾವಿಯೂ ಬತ್ತುತ್ತ ಬಂದಿತ್ತು. ಕೊರೆಸಲು ಮಾಡಿದ ಸಾಲ ಇನ್ನೂ ಹಾಗೆಯೇ ಇತ್ತು. ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಆ ನಾಲ್ಕು ವರ್ಷಗಳಲ್ಲಿ ಒಳಗೊಳಗೇ ಸಂತೋಷಪಡುತ್ತಿದ್ದೆವೇನೋ. ಆ ಪಾಪವೊಂದು ತಪ್ಪಿತು.

“ಬಾಗ್ಲುತಂಕ ಬಂದಿದ್ದೇನೋ?” ಎಂದ ಅಣ್ಣ, ಕೊನೆಗೆ.

“ಹೂಂ” ಎಂದೆವು.

ಅತ್ತಿಗೆ ಎರಡು ಲೋಟ ಮಜ್ಜಿಗೆ ತಂದಿಟ್ಟರು. ಕತ್ತಲಾಗುವ ತನಕ ಕುಳಿತಿದ್ದೆವು. ಬಾವಿಯ ಮಾತು ಎತ್ತಲಿಲ್ಲ. ಅವನು ಕ್ಷಮಿಸಿದ್ದೇನೆಂದು ಹೇಳಲಿಲ್ಲ, ನಾವೂ ಹೇಳಲಿಲ್ಲ. ಏಳುವಾಗ ಅಣ್ಣ ಬದುವಿನಾಚೆ ನಮ್ಮ ಬೊಡ್ಡೆಗಳನ್ನು ನೋಡಿ, “ಅವನ್ನ ಯಾಕೆ ನಿಲ್ಸಿದ್ದೀಯ? ಗೆದ್ಲು ತಿಂತಾವೆ” ಎಂದ. ಯಾಕೆಂದು ಅವನಿಗೆ ಗೊತ್ತೇ ಇತ್ತು.

ಮರಗಳು ಸಾಯುತ್ತಿದ್ದಾಗ ದೇವರಲ್ಲಿ ಮೊರೆಯಿಟ್ಟದ್ದು ಸುಳ್ಳಲ್ಲ. ನೀರು ಬರಲಿಲ್ಲ. ಬೇಡಿದ್ದು ದೊರೆಯುವುದೇ ನಂಬಿಕೆಯ ಫಲವೆಂದು ಮಕ್ಕಳಿಗೆ ಕಲಿಸಿದವರು ನಾವೇ ಆದ್ದರಿಂದ, ಒಳಗೊಳಗೇ ದೇವರ ಮೇಲೂ ಒಂದು ಅರ್ಜಿ ಬರೆದಿಟ್ಟುಕೊಂಡಿದ್ದೆವು. ಪ್ರವಾದಿ ಹಬಕ್ಕೂಕನ ಕಡೆಯ ಅಧ್ಯಾಯವನ್ನು ಓದಿದವರಿಗೆ ಗೊತ್ತು. ಅಂಜೂರ ಚಿಗುರದೆ, ಎಣ್ಣೆಮರ ಫಲಿಸದೆ, ಹೊಲ ಬೆಳೆಯದೆ, ಕೊಟ್ಟಿಗೆ ಬರಿದಾದರೂ ಆತನಲ್ಲಿ ಸಂತೋಷಿಸುವೆನೆಂದು ಅವನು ಹಾಡುತ್ತಾನೆ. ಅಂಥ ಹಾಡು ನಮ್ಮ ಬಾಯಿಗೆ ಇನ್ನೂ ಪೂರ್ತಿಯಾಗಿ ಬಂದಿಲ್ಲ. ಆ ರಾತ್ರಿ ಮಾತ್ರ, ದೇವರ ಮೇಲಿನ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡು ಮಲಗಿದೆವು.

ಬುಧವಾರ ಮುಂಜಾನೆ ಅಣ್ಣನ ಇಬ್ಬರು ಮಕ್ಕಳು ಕೊಡಲಿ ಹಿಡಿದು ಬಂದರು. ಗಟ್ಟಿಯಾಗಿ ಉಳಿದಿದ್ದ ನಲವತ್ತು ಬೊಡ್ಡೆಗಳನ್ನು ಆರಿಸಿ ಕಡಿದೆವು. ಉಳಿದವು ತಳ್ಳಿದರೇ ಬಿದ್ದವು. ಅಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡು ಬದುವಿನ ಮೇಲೆ ಕುಳಿತು, ಹೀಗೆ ಸೀಳಿ, ಹಾಗೆ ಸೀಳಿ ಎಂದು ಮಕ್ಕಳನ್ನು ಬೈಯುತ್ತಿದ್ದ. ಶುಭ ಶುಕ್ರವಾರಕ್ಕೆ ಸುತ್ತಲ ಹಳ್ಳಿಗಳ ಜನ ಸೇರುತ್ತಾರೆ, ನಮ್ಮ ದೇವಾಲಯದೊಳಗೆ ಹಿಡಿಸುವುದಿಲ್ಲ. ಆ ಕಂಬ ದಬ್ಬೆಗಳಿಂದಲೇ ದೇವಾಲಯದ ಮುಂದೆ ಚಪ್ಪರ ಎದ್ದಿತು. ಮೇಲೆ ತೆಂಗಿನ ಗರಿ ಹೊದಿಸಿದರು.

ಏಪ್ರಿಲ್ 19ರ ಮಧ್ಯಾಹ್ನ ಹನ್ನೆರಡಕ್ಕೆ ಮೊದಲನೆಯ ಮಾತನ್ನು ಕುರಿತು ಹೇಳಲು ನಿಂತೆವು. ಹೇಮಾವತಿಯಲ್ಲಿ ಬರೆದ ಹಾಳೆಯನ್ನು ತೆಗೆಯಲಿಲ್ಲ. ಅರಳಿಕಟ್ಟೆಯ ಮಾತು ಊರಿಗೆಲ್ಲ ಗೊತ್ತಿದ್ದದ್ದೇ. ಅದನ್ನೇ ಹೇಳಿ, ಬತ್ತಲಪಲ್ಲಿಯ ಬಾಗಿಲಿನ ಸಂಗತಿಯನ್ನು ಸೇರಿಸಿ, ಐದು ನಿಮಿಷದಲ್ಲಿ ಕುಳಿತುಬಿಟ್ಟೆವು. ಪಾಲಕರು ಗಡಿಯಾರ ನೋಡಿಕೊಂಡರು. ಆಮೇಲೆ ಕರ್ತನ ಪ್ರಾರ್ಥನೆ. ರೊಟ್ಟಿಯ ಮಾತಾದ ಮೇಲೆ, ಯಾವಾಗಲೂ ಎಲ್ಲರಿಗಿಂತ ಮುಂದೆ ಓಡುವ ಅಣ್ಣನ ದನಿ, ಒಂದು ಗಳಿಗೆ ನಿಂತು ಮುಂದುವರಿಯಿತು.